ಗೋಡೆಯ ಕಣ್ಣು

ಹತ್ತೊಂಬತ್ತು ವರ್ಷ ಬಾಡಿಗೆ ಮನೆಗಳಲ್ಲಿ
ಚಿತ್ರಗಳನ್ನು ನೆಲದ ಮೇಲೇ ಒರಗಿಸಿಟ್ಟವಳು ನಾನು.
ಮೊಳೆ ಹೊಡೆಯಕೂಡದು.
ಕೌನಾಸಿನ ಐವರು ಮಾಲೀಕರು
ಬೇರೆಲ್ಲದರಲ್ಲೂ ತಲೆಗೊಂದು ಮಾತು,
ಇದೊಂದರಲ್ಲಿ ಒಂದೇ ಬಾಯಿ.

ಈಗ ನಾಲ್ಕನೇ ಮಹಡಿಯಲ್ಲಿ ಒಂದೂವರೆ ಕೋಣೆ ನನ್ನದು.
ಸಾಲ ತೀರುವ ಹೊತ್ತಿಗೆ ಅರವತ್ತೆಂಟು ತುಂಬಿರುತ್ತದೆ.
ಮೊದಲ ಶನಿವಾರ, ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ
(ಅದಕ್ಕೂ ಮುಂಚೆ ಸದ್ದು ಮಾಡುವಂತಿಲ್ಲ,
ಮೆಟ್ಟಿಲ ಬಳಿ ಚೀಟಿ ಅಂಟಿಸಿದ್ದಾರೆ)
ಶಾಲೆಯ ಅಡುಗೆಮನೆಯ ಏಪ್ರನ್ನನ್ನೇ ಬಿಗಿದುಕೊಂಡು
ಎರವಲು ಡ್ರಿಲ್ಲು ಹಿಡಿದು ನಿಂತೆ.
ಮುನ್ನೂರು ಮಕ್ಕಳಿಗೆ ಬೀಟ್‌ರೂಟ್ ಸಾರು ಕುದಿಸುವ ಕೈ
ಒಂದು ಗುಂಡಿ ಒತ್ತಲು ನಡುಗಿತು.

ಮನೆ ಕಟ್ಟಿ ನೋಡು ಅಂದರು.
ಕಟ್ಟಿದ ಮನೆಗೊಂದು ತೂತು ಕೊರೆದು ನೋಡು
ಅಂತ ಯಾರೂ ಅನ್ನಲಿಲ್ಲ.

ಇಪ್ಪತ್ತು ನಿಮಿಷ ಕಿರುಚಿತು ಡ್ರಿಲ್ಲು.
ಕಾಂಕ್ರೀಟಿನ ಮೇಲೆ ಬೇಳೆಯಷ್ಟು ಗುಳಿ,
ನನ್ನ ಮೂಗಿನ ಮೇಲೆ ಒಂದು ಸೌಟು ಧೂಳು.
ಆಮೇಲೆ ಕಂಡಿತು, ಡ್ರಿಲ್ಲಿನ ಬೆನ್ನ ಮೇಲೆ
ಇರುವೆ ಗಾತ್ರದ ಸುತ್ತಿಗೆಯ ಚಿತ್ರ,
ಅದರತ್ತ ತಿರುಗಿಸಬೇಕಿದ್ದ ಒಂದು ತಿರುಪು.
ತಿರುಗಿಸಿದೆ. ಮೈಭಾರ ಹಾಕಿದೆ.

ಕತ್ತಲಲ್ಲಿ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟಂತೆ
ಧಡಕ್ಕನೆ ಬುಡದವರೆಗೂ ಹೋಯಿತು.
ಹೊರಗೆಳೆದರೆ
ಗೋಡೆಯೊಳಗಿಂದ ಬೆಳಕು.
ಬೆಳಕು ಆರಿತು.
ಬೆಳಕಿದ್ದಲ್ಲಿ ಒಂದು ಕಣ್ಣು.

ಗೋಡೆಗೂ ಕಿವಿಯಿದೆ ಅಂತ ಕೇಳಿದ್ದೆ.
ಕಣ್ಣು ಕೊಟ್ಟವಳು ನಾನೇ.

"ಒಳಗೆ ಬರಬೇಕಿದ್ದರೆ," ಅಂದಿತು ಕಣ್ಣು,
"ಬಾಗಿಲು ತಟ್ಟಬಹುದಿತ್ತು."

ಗೆನೊವೈತೆ. ಎಪ್ಪತ್ತಾರು.
ರೇಡಿಯೊ ಕಾರ್ಖಾನೆಯಲ್ಲಿ ಬೆಸುಗೆ ಹಾಕಿ ಹಾಕಿ
ಬೆರಳ ತುದಿಯ ಗೆರೆ ಅಳಿಸಿಕೊಂಡವಳು.
ಬೈಯಲು ಬಂದಳೆಂದುಕೊಂಡೆ. ಬೈದಳು ಕೂಡ,
ಮೊದಲು ನನ್ನನ್ನು, ಆಮೇಲೆ ಈ ಕಟ್ಟಡ ಎಬ್ಬಿಸಿದವರನ್ನು.
"ಎಷ್ಟು ಆಳ ಬೇಕಿತ್ತು?"
"ಗೊತ್ತಿಲ್ಲ."
ಪ್ಲಗ್ಗನ್ನು ಡ್ರಿಲ್ಲಿನ ಮೊನೆಗೆ ಒತ್ತಿ ಅಳೆದು
ಅಷ್ಟಕ್ಕೇ ಕೆಂಪು ಟೇಪು ಸುತ್ತಿದಳು.
"ಇಲ್ಲಿಗೆ ಸಾಕು ಅಂತ ಮೊದಲೇ ಹೇಳಿಡಬೇಕು,
ಕುಡುಕರಿಗೆ ಹೇಳಿದ ಹಾಗೆ."

ಅರ್ಧ ನೀರು ತುಂಬಿದ ಬಾಟಲಿ ಮಲಗಿಸಿ
ಹಲಗೆಯ ಸಮ ನೋಡಿದಳು.
ಸಮ ಇರಲಿಲ್ಲ. ಈಗಲೂ ಇಲ್ಲ.
ನಿಂಬೆಹಣ್ಣಿಟ್ಟರೆ ಕಿಟಕಿಯ ಕಡೆಗೇ ಹೊರಡುತ್ತದೆ.

ತೂತು ಮುಚ್ಚುವುದು ಮಾತ್ರ ಎರಡು ಮನೆಯ ಕೆಲಸ.
ಹಳೆಯ ಕರೆಂಟು ಬಿಲ್ಲು ಉಂಡೆ ಮಾಡಿ ನಡುವೆ ತುರುಕಿ,
ಧೂಳು ಊದಿ, ಅಂಚಿಗೆ ನೀರು ಸವರಿ,
ಆ ಕಡೆಯಿಂದ ಅವಳು, ಈ ಕಡೆಯಿಂದ ನಾನು
ಪುಟ್ಟಿ ಮೆತ್ತುತ್ತ ಬಂದೆವು.
"ತುಸು ಉಬ್ಬಿರಲಿ," ಅಂದಳು ಗೋಡೆಯಾಚೆಯಿಂದ,
"ಒಣಗಿದರೆ ಕುಗ್ಗುತ್ತೆ, ನನ್ನ ಹಾಗೆ."
ಇನ್ನೂ ಏನೋ ಹೇಳುತ್ತಿದ್ದಳು.
ದನಿ ಮೊದಲು ಎದುರು ಕೂತಂತೆ,
ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದಂತೆ,
ಆಮೇಲೆ ಚಾಕು ಗೋಡೆಗೆ ಸವರುವ ಸದ್ದಷ್ಟೇ.

ಮರುದಿನ ಮರಳುಕಾಗದದಿಂದ ಉಜ್ಜಿದೆ.
ಬಣ್ಣ ಹೊಂದಲಿಲ್ಲ. ಹಾಲಿನ ಹಲ್ಲಿನಂತೆ
ಒಂದು ಬಿಳಿಯ ಚುಕ್ಕೆ ಹಾಗೇ ಉಳಿದಿದೆ.
ಅವಳು ತನ್ನ ಕಡೆ ಕ್ಯಾಲೆಂಡರು ತೂಗುಹಾಕಿದ್ದಾಳೆ.

ಮುಂದಿನ ಶನಿವಾರ, ಹತ್ತಕ್ಕೆ ಐದು ನಿಮಿಷ ಇರುವಾಗ
ಗೋಡೆಗೆ ಮೂರು ಗುದ್ದು.
ನಲ್ಲಿ ತೊಟ್ಟಿಕ್ಕುತ್ತಿದೆಯಂತೆ, ವಾಷರು ಕಾಣುವಷ್ಟು
ಕಣ್ಣು ಸರಿಯಿಲ್ಲವಂತೆ,
ಸ್ಪ್ಯಾನರು ತಗೊಂಡು ಬಾ ಅಂತ ಕೂಗು.

ಪೆಟ್ಟಿಗೆ ತೆರೆದೆ.
ಇಕ್ಕಳ ಯಾವುದೆಂದು ಗೊತ್ತು.
ಉಳಿದ ನಾಲ್ಕನ್ನೂ ಏಪ್ರನ್ನಿಗೆ ಸುರಿದುಕೊಂಡು
ಹೋಗಿ ಬಾಗಿಲು ತಟ್ಟಿದೆ.